ಇಕಾಲಜಿಕಲ್ ಇಂಜಿನಿಯರಿಂಗ್: ಗಿಡ ನೆಟ್ಟ ಕೂಡ್ಲೇ ಆಗೋದಲ್ಲ

ಕಡಲ್ಕೊರೆತಕ್ಕೆ ಲೋಡುಗಟ್ಟಲೆ ಕಲ್ಲು ಸುರಿದು ಪಕ್ಕದಲ್ಲಿ ನಾಲ್ಕು ಗಾಳಿಮರ ನೆಟ್ರೆ ಇಕಾಲಜಿಕಲ್ ಇಂಜಿನಿಯರಿಂಗ್ ಅಂತೆ, ಫ್ಲಾಟಿನ ಕೊಳಚೆ ನೀರಿಗೆ ಇಡೀ ದಿನ ಮೋಟ್ರು ಓಡಿಸಿ ಕೆಮಿಕಲ್ ಹಾಕಿ ಶುದ್ಧ ಮಾಡಿದ್ರೆ ಅದೂ ಅದೇ ಅಂತೆ. ಅಲ್ಲ ಮಾರಾಯ್ರೆ. ಎರಡನೇದು ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್. ಒಳ್ಳೇ ಕೆಲಸವೇ, ಬೇಕಾದದ್ದೇ, ಆದ್ರೆ ಬೇರೆ. ಮೊದಲನೇದು ಬರೀ ಕಲ್ಲು ಸುರಿಯುವ ಕೆಲಸ.

ಇಕಾಲಜಿಕಲ್ ಇಂಜಿನಿಯರಿಂಗ್ ಅನ್ನುವ ಪದವನ್ನು 1960ರ ದಶಕದ ಆರಂಭದಲ್ಲಿ ಬಳಕೆಗೆ ತಂದವರು ಅಮೆರಿಕದ ಪರಿಸರ ವಿಜ್ಞಾನಿ ಹೊವಾರ್ಡ್ ಟಿ. ಓಡಮ್. ಅವರು ಹಾಕಿದ ಷರತ್ತು ಒಂದೇ: ಕೆಲಸ ನಡೆಸುವ ಮುಖ್ಯ ಶಕ್ತಿ ಪ್ರಕೃತಿಯದ್ದೇ ಇರ್ಬೇಕು, ಬಿಸಿಲು, ಮಳೆ, ಉಬ್ಬರವಿಳಿತ, ಹರಿಯುವ ನೀರು ಹೀಗೆ. ಮನುಷ್ಯ ತನ್ನ ಕಡೆಯಿಂದ ಹಾಕೋದು ಸ್ವಲ್ಪ, ಅದನ್ನು ಬೇಕಾದ ಕಡೆ ತಿರುಗಿಸ್ಲಿಕ್ಕೆ ಸಾಕಾಗುವಷ್ಟು. ಹಸಿರು ಎಷ್ಟು ಕಾಣ್ತದೆ ಅನ್ನೋದು ಲೆಕ್ಕಕ್ಕೇ ಇಲ್ಲ.

ನಮ್ಮ ಕಾಸರಗೋಡಿನವರಿಗೆ ಇದು ಅರ್ಥ ಆಗದೆ ಹೋಗುವುದೇ ನನಗೆ ಸೋಜಿಗ, ಯಾಕಂದ್ರೆ ಏತಡ್ಕದ ಕಡೆ ತೋಡಿಗೆ ಹಾಕುವ ಕಟ್ಟ ಉಂಟಲ್ಲ, ಅದಕ್ಕಿಂತ ಒಳ್ಳೇ ಉದಾಹರಣೆ ಬೇಡ. ಮಳೆ ಹಿಂದೆ ಹೋಗಿ ತೋಡಿನ ಹರಿವು ಇಳಿದಾಗ ಕಲ್ಲು ಮಣ್ಣು ಸೇರಿಸಿ ಅಡ್ಡ ಕಟ್ತಾರೆ, ಈಗೀಗ ಮರಳಿನ ಚೀಲ, ಪ್ಲಾಸ್ಟಿಕ್ ಶೀಟೂ ಬರ್ತದೆ. ಮನುಷ್ಯನ ಪಾಲು ಅಷ್ಟಕ್ಕೇ ಮುಗೀತು. ಆಮೇಲೆ ನಿಂತ ನೀರು ತನ್ನ ಭಾರಕ್ಕೇ ಇಂಗ್ತದೆ, ಮುರಕಲ್ಲಿನ ತೂತುಗಳಲ್ಲಿ ಇಳಿದು ಆಚೀಚೆ ಬಾವಿಗಳ ಮಟ್ಟ ಏರಿಸ್ತದೆ, ಅಡಿಕೆ ತೋಟ ಬೇಸಿಗೆಗೆ ತಡ್ಕೊಳ್ತದೆ, ಮತ್ತೆ ಮಳೆಗಾಲದ ನೆರೆಗೆ ದಾರಿ ಬಿಡ್ತಾರೆ. ಸುರಂಗವೂ ಹೀಗೇ, ಗುಡ್ಡದೊಳಗೆ ಅಡ್ಡ ಕೊರೆದ ಮೇಲೆ ನೀರು ಇಳಿಜಾರಿಗೆ ತಾನಾಗಿ ಹೊರಗೆ ಬರ್ತದೆ, ಪಂಪು ಬೇಡ. ತೋಡಿನ ಎರಡೂ ದಡಕ್ಕೆ ಕಾಂಕ್ರೀಟ್ ಹೊಡೆದು ಮೇಲೆ ಹೂಕುಂಡ ಇಟ್ಟು ಅದಕ್ಕೆ ಈ ಹೆಸರು ಕೊಟ್ರೆ ನನಗೆ ಸಿಟ್ಟು ಬರ್ತದೆ, ಅಲ್ಲಿ ನೀರು ಮಣ್ಣಿನ ಸಂಬಂಧವನ್ನೇ ಕಡಿದು ಹಾಕಿದ್ದಾರೆ.

ಗೊಂದಲಕ್ಕೆ ಇನ್ನೊಂದು ಕಾರಣ, ಓಡಮ್ 1970ರಿಂದ ಇದ್ದದ್ದು ಫ್ಲೋರಿಡಾ ವಿಶ್ವವಿದ್ಯಾಲಯದ ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್ ವಿಭಾಗದಲ್ಲೇ. ಆದ್ರೆ ಅಲ್ಲಿ ಮಾಡಿದ್ದೆಂತದು ನೋಡಿ: ಸಂಸ್ಕರಿಸಿದ ಕೊಳಚೆ ನೀರನ್ನು ಸೈಪ್ರೆಸ್ ಮರಗಳ ಜೌಗಿಗೆ ಬಿಟ್ರು, ಅದರಲ್ಲಿದ್ದ ಗೊಬ್ಬರದಂಶವನ್ನು ಜೌಗೇ ಹಿಡಿದಿಟ್ಕೊಳ್ತದಾ ಅಂತ ನೋಡ್ಲಿಕ್ಕೆ.

ಅದಕ್ಕೂ ಮೊದಲು, 1950ರ ದಶಕದಲ್ಲಿ ಫ್ಲೋರಿಡಾದ ಸಿಲ್ವರ್ ಸ್ಪ್ರಿಂಗ್ಸ್ ಅನ್ನುವ ಒರತೆಯಲ್ಲಿ ಓಡಮ್ ಬಿಸಿಲಿನ ಶಕ್ತಿ ಪಾಚಿಗೆ ಎಷ್ಟು, ಅಲ್ಲಿಂದ ಮೀನಿಗೆ ಎಷ್ಟು ಅಂತ ಅಳೆದು ಲೆಕ್ಕ ಇಟ್ಟಿದ್ರು. ಆ ಲೆಕ್ಕವೇ ಬೆಳೆದು ಅವರ ಮಾಡೆಲ್ ಭಾಷೆ ಆಯ್ತು, ಅಂದ್ರೆ ಶಕ್ತಿ ಎಲ್ಲಿಂದ ಎಲ್ಲಿಗೆ ಹರೀತದೆ ಅಂತ ಚಿತ್ರದಲ್ಲಿ ಬರೆಯುವ ಗುರುತುಗಳು: ಶಕ್ತಿ ಬರುವ ಮೂಲಕ್ಕೆ ವೃತ್ತ, ಕೂಡಿಟ್ಟದ್ದಕ್ಕೆ ಟ್ಯಾಂಕಿನ ಆಕಾರ, ಉಣ್ಣುವವರಿಗೆ ಷಟ್ಕೋನ. ಮೀನಿಗೂ ಷಟ್ಕೋನ, ಊರಿಗೂ ಷಟ್ಕೋನ. ದುಡ್ಡನ್ನೂ ಅದೇ ಚಿತ್ರದಲ್ಲಿ ಶಕ್ತಿಯ ಎದುರು ದಿಕ್ಕಿಗೆ ಹರಿಸಿದ್ರು, ಸಾಮಾನು ಈಚೆ ಬಂದ್ರೆ ದುಡ್ಡು ಆಚೆ ಹೋಗ್ತದಲ್ಲ, ಹಾಗೆ. 1987ರಲ್ಲಿ ಅಣ್ಣ ಯೂಜೀನ್ ಜೊತೆ ಸ್ವೀಡನ್ನಿನ ವಿಜ್ಞಾನ ಅಕಾಡೆಮಿ ಕೊಡುವ ಕ್ರಾಫೋರ್ಡ್ ಪ್ರಶಸ್ತಿ ಬಂತು, 2002ರಲ್ಲಿ ತೀರಿಕೊಂಡ್ರು.

ಮನುಷ್ಯನನ್ನು ಚಿತ್ರದಿಂದ ಹೊರಗಿಟ್ಟು ಮಾಡೆಲ್ ಮಾಡುವವರು ಈ ದುಡ್ಡಿನ ಗೆರೆಯನ್ನು ಬಿಟ್ಟೇ ಬಿಡ್ತಾರೆ. ಕಟ್ಟದ ಮಾಡೆಲಲ್ಲಿ ಮಳೆ, ತೋಡು, ಬಾವಿ ಮಾತ್ರ ಬರೆದ್ರೆ ಅದು ಎಷ್ಟು ನೀರು ಇಂಗಿಸ್ತದೆ ಅಂತ ಹೇಳ್ಬಹುದು. ಇಷ್ಟು ಉಪಕಾರದ ಕಟ್ಟ ಕಡಿಮೆ ಆದದ್ದು ಯಾಕೆ ಅಂತ ಹೇಳ್ಲಿಕ್ಕೆ ಕೂಲಿ, ಬೋರ್‌ವೆಲ್ಲು, ಪಂಪಿನ ಕರೆಂಟು, ಅಡಿಕೆಯ ರೇಟು ನಾಲ್ಕನ್ನೂ ಅದೇ ಹಾಳೆಯಲ್ಲಿ ಬರೀಬೇಕು.