ಟೈರ್ ಅಗಲ ಮಾಡಿದರೆ ಗ್ರಿಪ್ ಜಾಸ್ತಿಯಾಗುತ್ತಾ?

ಹಾಸನದ ಟೈರ್ ಅಂಗಡಿಯಲ್ಲಿ ನಿಂತರೂ ಅಷ್ಟೇ, ಚಿಕ್ಕಮಗಳೂರಿನಲ್ಲಿ ನಿಂತರೂ ಅಷ್ಟೇ, ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಒಂದು ಸೈಜ್ ಅಗಲ ಹಾಕಿಸಿ ಸಾರ್, ರೋಡಿಗೆ ಜಾಸ್ತಿ ತಾಗುತ್ತೆ, ಘಾಟಿಯಲ್ಲಿ ಗ್ರಿಪ್ ಚೆನ್ನಾಗಿರುತ್ತೆ." ಕೇಳಿದರೆ ಸರಿ ಅನ್ನಿಸುತ್ತದೆ. ಟೈರ್ ಅಗಲವಾದರೆ ನೆಲಕ್ಕೆ ತಾಗುವ ಜಾಗವೂ ಜಾಸ್ತಿಯಾಗಬೇಕು, ಅಲ್ವಾ? ಆಗುವುದಿಲ್ಲ. ಆದರೂ ಸ್ವಲ್ಪ ಎನ್ನುವಷ್ಟು ಮಾತ್ರ. ಈ ಒಂದು ತಪ್ಪು ಲೆಕ್ಕದ ಮೇಲೆ ಜನ ಸಾವಿರಾರು ರೂಪಾಯಿ ಸುರಿಯುತ್ತಾರೆ, ಕೆಲವು ಸಲ ಇದ್ದ ಸುರಕ್ಷತೆಯನ್ನೂ ಕಳೆದುಕೊಳ್ಳುತ್ತಾರೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಲೆಕ್ಕ ತುಂಬಾ ಸುಲಭ. ಒಂದು ಸಣ್ಣ ಕಾರು, ಒಳಗೆ ಮನೆಯವರೆಲ್ಲ ಕೂತಿದ್ದಾರೆ, ಮುಂದಿನ ಒಂದು ಚಕ್ರದ ಮೇಲೆ 350 ಕೆ.ಜಿ. ಭಾರ ಬಿದ್ದಿದೆ ಎಂದುಕೊಳ್ಳಿ. ಟೈರ್‌ನಲ್ಲಿ 33 ಪಿಎಸ್‌ಐ ಗಾಳಿ ಇದೆ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.3 ಕೆ.ಜಿ. ಒತ್ತಡ. ಅಷ್ಟು ಒತ್ತಡದ ಗಾಳಿ 350 ಕೆ.ಜಿ. ಹೊರಬೇಕಾದರೆ ಎಷ್ಟು ಜಾಗ ಬೇಕು? 350ನ್ನು 2.3ರಿಂದ ಭಾಗಿಸಿ. ಸುಮಾರು 150 ಚದರ ಸೆಂಟಿಮೀಟರ್. ಬೆರಳೂ ಸೇರಿ ಒಂದು ಹಸ್ತದಷ್ಟು ಜಾಗ. ಈ ಲೆಕ್ಕದಲ್ಲಿ ಟೈರ್ ಎಷ್ಟು ಅಗಲ ಎನ್ನುವುದು ಎಲ್ಲಾದರೂ ಬಂತೇ? ಭಾರ ಬಂತು, ಒತ್ತಡ ಬಂತು, ಅಷ್ಟೇ. ಟೈರ್‌ನ ಪಕ್ಕದ ಗೋಡೆಗೂ ಸ್ವಲ್ಪ ಬಿಗಿ ಇರುತ್ತದೆ, ಅದೂ ಒಂದಿಷ್ಟು ಭಾರ ಹೊರುತ್ತದೆ, ಹಾಗಾಗಿ ಲೆಕ್ಕ ಅಷ್ಟಿಷ್ಟು ಆಚೀಚೆ ಆಗುತ್ತದೆ. ಮುಖ್ಯ ವಿಷಯ ಮಾತ್ರ ಬದಲಾಗುವುದಿಲ್ಲ.

ಹಾಗಾದರೆ ಅಗಲದ ಟೈರ್ ಏನು ಮಾಡುತ್ತದೆ? ತಾಗುವ ಜಾಗದ ಆಕಾರ ಬದಲಿಸುತ್ತದೆ. ಒಂದೇ ಉಂಡೆ ಹಿಟ್ಟನ್ನು ಉದ್ದಕ್ಕೆ ತಟ್ಟಿದರೂ ಅಗಲಕ್ಕೆ ತಟ್ಟಿದರೂ ಅಕ್ಕಿರೊಟ್ಟಿಯ ಹಿಟ್ಟು ಅಷ್ಟೇ ತಾನೇ? ಇದೂ ಹಾಗೇ. ಮೊದಲು 13 ಸೆಂ.ಮೀ. ಅಗಲ, ಹನ್ನೊಂದೂವರೆ ಸೆಂ.ಮೀ. ಉದ್ದ ಇದ್ದ ಜಾಗ, ಅಗಲದ ಟೈರ್‌ನಲ್ಲಿ 15 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದ ಆಗುತ್ತದೆ. ಅಡ್ಡಕ್ಕೆ ಹಿಗ್ಗಿತು, ಉದ್ದಕ್ಕೆ ಕುಗ್ಗಿತು.

ಆಕಾರ ಬದಲಾದರೆ ಏನೂ ಆಗುವುದಿಲ್ಲ ಎಂದೂ ನಾನು ಹೇಳುತ್ತಿಲ್ಲ. ಶಾಲೆಯಲ್ಲಿ ಘರ್ಷಣೆಗೂ ತಾಗುವ ಜಾಗಕ್ಕೂ ಸಂಬಂಧವಿಲ್ಲ ಎಂದು ಓದಿದವರು ಈ ಕಡೆ ವಾಲಿಬಿಡುತ್ತಾರೆ. ರಬ್ಬರ್ ಆ ಪಾಠವನ್ನು ಪೂರ್ತಿ ಪಾಲಿಸುವುದಿಲ್ಲ. ಒಣ ರಸ್ತೆಯಲ್ಲಿ ತಿರುವು ತೆಗೆದುಕೊಳ್ಳುವಾಗ ನೆಲಕ್ಕೆ ಅಂಟಿದ ರಬ್ಬರ್ ಪಕ್ಕಕ್ಕೆ ಎಳೆದುಕೊಳ್ಳುತ್ತಾ ಹಿಂದಕ್ಕೆ ಸರಿಯುತ್ತದೆ, ಜಾಗ ಉದ್ದವಿದ್ದಷ್ಟೂ ಅದರ ಹಿಂಭಾಗ ಬೇಗ ಜಾರಲು ಶುರುವಾಗುತ್ತದೆ. ಗಿಡ್ಡವಿದ್ದರೆ ಜಾರುವುದು ಕಡಿಮೆ, ಸ್ಟಿಯರಿಂಗ್ ಚುರುಕಾಗುತ್ತದೆ. ಜೊತೆಗೆ ಅಗಲದ ಟೈರ್‌ಗಳಿಗೆ ಎಷ್ಟೋ ಸಲ ಮೆತ್ತನೆಯ ರಬ್ಬರ್ ಹಾಕಿರುತ್ತಾರೆ. ಜನ ಅಗಲಕ್ಕೆ ಕೊಡುವ ಹೆಸರಿನಲ್ಲಿ ಒಂದು ಪಾಲು ಈ ಮೆತ್ತನೆ ರಬ್ಬರ್‌ಗೆ ಸೇರಬೇಕು.

ಮಳೆಯಲ್ಲಿ ಕಥೆ ತಿರುಗುತ್ತದೆ. ನೀರು ನಿಂತ ರಸ್ತೆಯಲ್ಲಿ ಟೈರ್‌ನ ಮುಂಭಾಗ ನೀರನ್ನು ಪಕ್ಕಕ್ಕೆ ತಳ್ಳಬೇಕು, ಆಮೇಲೆ ಹಿಂಭಾಗ ರಸ್ತೆಯನ್ನು ಹಿಡಿಯಬೇಕು. ಗಂಟೆಗೆ 72 ಕಿ.ಮೀ. ವೇಗದಲ್ಲಿ ಹನ್ನೊಂದೂವರೆ ಸೆಂ.ಮೀ. ಉದ್ದದ ಜಾಗ ಒಂದು ಬಿಂದುವನ್ನು ದಾಟಲು ತೆಗೆದುಕೊಳ್ಳುವುದು ಸುಮಾರು 6 ಮಿಲಿಸೆಕೆಂಡ್. 10 ಸೆಂ.ಮೀ. ಆದರೆ 5 ಮಿಲಿಸೆಕೆಂಡ್. ಅಷ್ಟರಲ್ಲಿ ನೀರು ಹೋಗದಿದ್ದರೆ ಟೈರ್ ನೀರಿನ ಮೇಲೆ ಏರಿ ತೇಲುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ಅಗಲದ ಟೈರ್‌ಗೆ ತಳ್ಳಬೇಕಾದ ನೀರು ಜಾಸ್ತಿ, ಸಿಗುವ ಸಮಯ ಕಡಿಮೆ.

1960ರ ದಶಕದಲ್ಲಿ ನಾಸಾದವರು ಒದ್ದೆ ರನ್‌ವೇಯಲ್ಲಿ ವಿಮಾನಗಳು ಜಾರುವುದನ್ನು ಅಧ್ಯಯನ ಮಾಡಿ ಒಂದು ಸೂತ್ರ ಕೊಟ್ಟರು. ತೇಲಲು ಶುರುವಾಗುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಆ ಸೂತ್ರದಲ್ಲಿ 33 ಪಿಎಸ್‌ಐಗೆ ಗಂಟೆಗೆ ಸುಮಾರು 96 ಕಿ.ಮೀ. ಬರುತ್ತದೆ. ಗಾಳಿ ಇಳಿದು 22 ಆಗಿದ್ದರೆ ಸುಮಾರು 78 ಕಿ.ಮೀ.! ಸೂತ್ರ ಮಾಡಿದ್ದು ನೀರು ಚೆನ್ನಾಗಿ ನಿಂತ ನೆಲಕ್ಕೆ. ಟ್ರೆಡ್ (ನೆಲಕ್ಕೆ ತಾಗುವ, ಗೀರುಗಳಿರುವ ರಬ್ಬರ್) ಆಳವಾಗಿದ್ದು ನೀರು ತೆಳುವಾಗಿದ್ದರೆ ಇನ್ನೂ ಸ್ವಲ್ಪ ವೇಗ ತಡೆಯುತ್ತದೆ. ಸವೆದ ಟೈರ್‌ಗೆ ಮಾತ್ರ ಆ ರಿಯಾಯಿತಿ ಇಲ್ಲ. ನಮ್ಮ ಕಡೆಯವರೆಲ್ಲ ಚಾರ್ಮಾಡಿ, ಶಿರಾಡಿ ಅಂದರೆ ಹೆದರುತ್ತಾರೆ. ಆದರೆ ಘಾಟಿಯ ತಿರುವುಗಳಲ್ಲಿ 30-40ರ ವೇಗದಲ್ಲಿ ಟೈರ್ ಹೀಗೆ ತೇಲುವುದಿಲ್ಲ. ಅಲ್ಲಿ ಜಾರಿದರೆ ಅದಕ್ಕೆ ಸವೆದ ಟ್ರೆಡ್, ಹಳಸಿದ ರಬ್ಬರ್, ಕೆಸರು, ಜೋರು ಬ್ರೇಕು ಕಾರಣ. ತೇಲುವ ಅಪಾಯ ಇರುವುದು ಹಾಸನ-ಬೆಂಗಳೂರು ಹೆದ್ದಾರಿಯಲ್ಲಿ, ಚನ್ನರಾಯಪಟ್ಟಣದ ಆಚೆ ಮಳೆಯಲ್ಲೇ ನೂರರ ಮೇಲೆ ಹೊಡೆಯುತ್ತಾರಲ್ಲ, ಅಲ್ಲಿ.

ಈಗ ನನಗೆ ಎಲ್ಲಕ್ಕಿಂತ ಖುಷಿ ಕೊಡುವ ವಿಷಯಕ್ಕೆ ಬರುತ್ತೇನೆ. ಗಾಳಿ ಕಾರನ್ನು ಹೊರುತ್ತದೆ ಎಂದೆ. ಹೇಗೆ ಹೊರುತ್ತದೆ? ಟೈರ್ ಒಳಗೆ ಒತ್ತಡ ಎಲ್ಲ ಕಡೆಯೂ ಒಂದೇ. ಗಾಳಿ ರಿಮ್ಮನ್ನು ಕೆಳಗಿನಿಂದ ಮೇಲಕ್ಕೆ ಎಷ್ಟು ತಳ್ಳುತ್ತದೋ ಮೇಲಿನಿಂದ ಕೆಳಕ್ಕೂ ಅಷ್ಟೇ ತಳ್ಳುತ್ತದೆ. ಎರಡೂ ಕಳೆದು ಸೊನ್ನೆ. ಅಂದಮೇಲೆ ಗಾಳಿ ನೇರವಾಗಿ ರಿಮ್ಮನ್ನು ಎತ್ತಿ ಹಿಡಿದಿಲ್ಲ! ಎತ್ತಿ ಹಿಡಿದಿರುವುದು ಪಕ್ಕದ ಗೋಡೆಯೊಳಗಿನ ದಾರಗಳು. ಗಾಳಿ ಟೈರನ್ನು ಉಬ್ಬಿಸಿದಾಗ ಈ ದಾರಗಳು ಬಿಗಿಯಾಗಿ, ರಿಮ್ಮನ್ನು ಸುತ್ತಲೂ ಹೊರಕ್ಕೆ ಎಳೆಯುತ್ತಿರುತ್ತವೆ. ನೆಲಕ್ಕೆ ತಾಗಿ ಚಪ್ಪಟೆಯಾದ ಕಡೆ ಗೋಡೆ ಪಕ್ಕಕ್ಕೆ ಉಬ್ಬಿ, ಕೆಳಮುಖದ ಎಳೆತ ಕಡಿಮೆಯಾಗುತ್ತದೆ. ಮೇಲ್ಭಾಗದ ಎಳೆತ ಮೊದಲಿನಷ್ಟೇ ಇರುತ್ತದೆ. ಈ ವ್ಯತ್ಯಾಸವೇ ಕಾರನ್ನು ಹೊರುವ ಬಲ. ಅಂದರೆ ರಿಮ್ ಮೇಲಿನ ದಾರಗಳಿಂದ ನೇತಾಡುತ್ತಿದೆ. ನಿಮ್ಮ ಕಾರು ನಾಲ್ಕು ಕಡೆ ದಾರಕ್ಕೆ ತೂಗುಹಾಕಿಕೊಂಡು ಓಡಾಡುತ್ತಿದೆ. ಚಕ್ರ ತಿರುಗಿದಂತೆ ನೇತಾಡುವ ದಾರಗಳು ಬದಲಾಗುತ್ತಾ ಹೋಗುತ್ತವೆ, ಎಲ್ಲ ದಾರಗಳಿಗೂ ಸೆಕೆಂಡಿಗೆ ಹಲವು ಸಲ ಈ ಸರದಿ ಬರುತ್ತದೆ.

ಇದು ಅರ್ಥವಾದರೆ ಗುಂಡಿಯಲ್ಲಿ ಏನಾಗುತ್ತದೆ ಎಂದು ತಾನಾಗಿ ಗೊತ್ತಾಗುತ್ತದೆ. ಗೋಡೆ ಗಿಡ್ಡವಿದ್ದರೆ ಗುಂಡಿಯ ಅಂಚಿಗೂ ರಿಮ್ ಅಂಚಿಗೂ ನಡುವೆ ಸಿಕ್ಕಿಕೊಂಡ ದಾರಗಳು ಪಟ್ಟನೆ ತುಂಡಾಗುತ್ತವೆ. ದಾರ ಹೋದ ಕಡೆ ಗಾಳಿ ರಬ್ಬರನ್ನು ಹೊರಕ್ಕೆ ಉಬ್ಬಿಸುತ್ತದೆ. ಅಂಥ ಉಬ್ಬು ಕಂಡ ಟೈರನ್ನು ಯಾವ ಪಂಕ್ಚರ್ ಅಂಗಡಿಯವರೂ ಸರಿಮಾಡಲಾರರು. ಬದಲಿಸಲೇಬೇಕು. ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ, ಕಲ್ಲು ಎದ್ದ ಜಾಗದಲ್ಲಿ ದಿನಾ ಓಡಾಡುವವರು ಗಿಡ್ಡ ಗೋಡೆಯ ಟೈರ್ ಹಾಕಿಸಿದ್ದು ನೋಡಿದರೆ ನನಗೆ ಸಂಕಟವಾಗುತ್ತದೆ.

ಈ ಗಾಳಿ ತುಂಬಿದ ಟೈರ್‌ನ ಉಪಾಯ ಹೊಳೆದದ್ದು ಕಾರು ಹುಟ್ಟುವುದಕ್ಕೂ ಎಷ್ಟೋ ಮೊದಲು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಇದಕ್ಕೆ ಪೇಟೆಂಟ್ ತೆಗೆದುಕೊಂಡಾಗ ಅವನಿಗೆ 23 ವರ್ಷ. ಒಳಗೆ ರಬ್ಬರ್ ಹಚ್ಚಿದ ಬಟ್ಟೆಯ ಕೊಳವೆ, ಹೊರಗೆ ಚರ್ಮ, ಕೂರಿಸಿದ್ದು ಕುದುರೆಗಾಡಿಗೆ. ಹೆಚ್ಚು ಜನ ಕೊಳ್ಳಲಿಲ್ಲ, ಆಮೇಲೆ ಮರೆತೇಬಿಟ್ಟರು. 1887-88ರ ಸುಮಾರಿಗೆ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. ಥಾಮ್ಸನ್‌ನದು ಮೊದಲೇ ಇತ್ತು ಎಂದು ತಿಳಿದಮೇಲೆ ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು. ಆಮೇಲಿನ ದೊಡ್ಡ ಹೆಜ್ಜೆ ಫ್ರಾನ್ಸಿನ ಟೈರ್ ಕಂಪನಿ ಮಿಶೆಲಿನ್ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರ್. ಹಳೆಯ ಟೈರ್‌ಗಳಲ್ಲಿ ದಾರಗಳು ಓರೆಯಾಗಿ ಒಂದರ ಮೇಲೊಂದು ಹಾದುಹೋಗುತ್ತಿದ್ದವು, ಗೋಡೆ ಬಾಗಿದರೆ ಟ್ರೆಡ್ಡೂ ತಿರುಚಿಕೊಳ್ಳುತ್ತಿತ್ತು. ರೇಡಿಯಲ್‌ನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಹೋಗುತ್ತವೆ, ಟ್ರೆಡ್ ಅಡಿಯಲ್ಲಿ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ಗೋಡೆ ತನ್ನ ಪಾಡಿಗೆ ಬಾಗುತ್ತದೆ, ಟ್ರೆಡ್ ಚಪ್ಪಟೆಯಾಗಿ ನೆಲ ಹಿಡಿದಿರುತ್ತದೆ. ತೋಟಗಳಲ್ಲಿ ಓಡುತ್ತಿದ್ದ ಹಳೆ ಜೀಪಿನ 6.00-16, ಅಂಬಾಸಿಡರ್‌ನ 5.90-15 ಓರೆ ದಾರದ ಕಾಲದ ಸೈಜ್‌ಗಳು, ಎಲ್ಲವೂ ಇಂಚಿನಲ್ಲಿ. ಆಮೇಲೆ ಅಗಲ ಮಿಲಿಮೀಟರಿಗೆ ಬಂತು, ರಿಮ್ ಮಾತ್ರ ಇಂಚಿನಲ್ಲೇ ಉಳಿಯಿತು. 1975ರಲ್ಲಿ ಮಿಶೆಲಿನ್ ರಿಮ್ಮನ್ನೂ 390 ಮಿ.ಮೀ. ಎಂದು ಮಾಡಿ ನೋಡಿತು, ಅದು ನಿಲ್ಲಲಿಲ್ಲ.

ಹಾಗಾಗಿ 185/65 ಆರ್ 15 ಎಂದರೆ ಮೂರು ಬಗೆಯ ಅಳತೆ ಸೇರಿದ ಒಂದು ಹೆಸರು. ಅಗಲ 185 ಮಿ.ಮೀ., ಗೋಡೆಯ ಎತ್ತರ ಆ ಅಗಲದ ಶೇ. 65, ರಿಮ್ 15 ಇಂಚು. ಆರ್ ಅಂದರೆ ರೇಡಿಯಲ್. ಗೋಡೆ 120.25 ಮಿ.ಮೀ., ಮೇಲೆ ಕೆಳಗೆ ಎರಡು, ಜೊತೆಗೆ ರಿಮ್‌ನ 381. ಒಟ್ಟು 621.5 ಮಿ.ಮೀ. ವ್ಯಾಸ. ಬದಲಿಸುವಾಗ ಈ ವ್ಯಾಸವನ್ನು ಹಾಗೇ ಉಳಿಸಿಕೊಳ್ಳಬೇಕು, ಶೇ. 3 ದಾಟಬಾರದು. 195/55 ಆರ್ 16 ಹಾಕಿದರೆ 620.9 ಬರುತ್ತದೆ, ಬಹಳ ಹತ್ತಿರ. ಅದೇ ರಿಮ್‌ಗೆ ಸುಮ್ನೆ 205/65 ಆರ್ 15 ತುರುಕಿದರೆ 647.5. ಮೀಟರ್ 80 ತೋರಿಸುವಾಗ ಕಾರು 83ರಲ್ಲಿ ಇರುತ್ತದೆ, ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡ್‌ಗೆ ಉಜ್ಜಿದರೂ ಉಜ್ಜಿತು.

ಇಷ್ಟು ನೋಡಿ ನಿಲ್ಲಿಸಬೇಡಿ. ಸೈಜ್ ಆದಮೇಲೆ ಇನ್ನೊಂದು ಅಂಕಿ ಇರುತ್ತದೆ. 185/65 ಆರ್ 15ರಲ್ಲಿ ಸಾಮಾನ್ಯವಾಗಿ 88, ಅಂದರೆ ಒಂದು ಟೈರ್ 560 ಕೆ.ಜಿ. ಹೊರಬಲ್ಲದು. 195/55 ಆರ್ 16ರಲ್ಲಿ 87, ಅಂದರೆ 545 ಕೆ.ಜಿ. ದೊಡ್ಡ ರಿಮ್, ಅಗಲದ ಟೈರ್, ಹೊರುವ ಶಕ್ತಿ ಮಾತ್ರ ಕಡಿಮೆ! ಯಾಕೆ? ಗೋಡೆ ಗಿಡ್ಡವಾಯಿತು, ಒಳಗಿನ ಗಾಳಿಯ ಜಾಗ ಕಡಿಮೆಯಾಯಿತು. ಹೊರುವುದು ಗಾಳಿ ತಾನೇ. ಕೊಯ್ಲಿನ ಕಾಲದಲ್ಲಿ ಡಿಕ್ಕಿಯಲ್ಲಿ ಕಾಫಿ ಮೂಟೆ ಹಾಕಿಕೊಂಡು ಓಡಾಡುವವರು ಈ ಅಂಕಿ ಕಂಪನಿ ಕೊಟ್ಟಿದ್ದಕ್ಕಿಂತ ಇಳಿಯದಂತೆ ನೋಡಿಕೊಳ್ಳಲೇಬೇಕು. ಕೊನೆಯ ಅಕ್ಷರ ವೇಗದ್ದು, ಟಿ ಅಂದರೆ 190, ಹೆಚ್ ಅಂದರೆ 210 ಕಿ.ಮೀ. ನಮ್ಮ ರಸ್ತೆಗೆ ಅದರ ಚಿಂತೆ ಕಡಿಮೆ.

ಅಲಾಯ್ (ಮಿಶ್ರಲೋಹದ ರಿಮ್) ಹಾಕಿಸುವವರು ಬೋಲ್ಟ್ ತೂತು ಹೊಂದಿದರೆ ಸಾಕು ಅಂದುಕೊಳ್ಳುತ್ತಾರೆ. 4 ತೂತು, 100 ಮಿ.ಮೀ. ವೃತ್ತ ಎನ್ನುವುದು ಸ್ವಿಫ್ಟ್‌ನದೂ ಹೌದು, ಹೋಂಡಾ ಸಿಟಿಯದೂ ಹೌದು. ಆದರೆ ನಡುವಿನ ತೂತು ಒಂದರಲ್ಲಿ 54.1, ಇನ್ನೊಂದರಲ್ಲಿ 56.1 ಮಿ.ಮೀ. ಸಿಟಿಯ ರಿಮ್ಮನ್ನು ಸ್ವಿಫ್ಟ್‌ಗೆ ಹಾಕಿದರೆ ಹಬ್ (ರಿಮ್ ಕೂರುವ ನಡುಭಾಗ) ಸುತ್ತ ಸಂದು ಉಳಿಯುತ್ತದೆ, ನಡುವೆ ಕೂರಿಸುವ ಉಂಗುರ ಹಾಕದಿದ್ದರೆ ಸ್ಟಿಯರಿಂಗ್ ನಡುಗಬಹುದು. ನಟ್ ಕೂರುವ ಜಾಗವೂ ಬೇರೆ. ಹೋಂಡಾದ್ದು ಗುಂಡಗೆ, ಮಾರುತಿಯದು ಶಂಕುವಿನಂತೆ ಓರೆ. ತಪ್ಪು ನಟ್ ಬಿಗಿಯಾದಂತೆ ಕಂಡರೂ ತಾಗುವುದು ಒಂದು ಗೆರೆಯಷ್ಟು ಮಾತ್ರ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ.

ಇನ್ನು ಆಫ್‌ಸೆಟ್, ಅಂದರೆ ರಿಮ್ ಹಬ್‌ಗೆ ಕೂರುವ ಮುಖ ರಿಮ್‌ನ ನಡುಗೆರೆಯಿಂದ ಎಷ್ಟು ಹೊರಗಿದೆ ಎನ್ನುವ ಅಳತೆ. ರಿಮ್ ಒಳಗೆ ಇಟಿ 45, ಇಟಿ 35 ಎಂದು ಕೆತ್ತಿರುತ್ತಾರೆ. ಅಂಕಿ 10 ಕಡಿಮೆಯಾದರೆ ಚಕ್ರ 10 ಮಿ.ಮೀ. ಹೊರಗೆ ಬಂತು. ನೋಡಲು ಗತ್ತು. ಆದರೆ ಬೇರಿಂಗ್ ಮೇಲೆ ಎಳೆತ ಹೆಚ್ಚುತ್ತದೆ, ಒಂದೇ ಚಕ್ರ ಗುಂಡಿಗೆ ಬಿದ್ದಾಗ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ. ಗತ್ತಿಗಾಗಿ ಸ್ಪೇಸರ್ (ಚಕ್ರವನ್ನು ಹೊರಗೆ ತರಲು ನಡುವೆ ಇಡುವ ಬಿಲ್ಲೆ) ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ.

ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣು ಇಡುವ ಮನೆಗಳಲ್ಲಿ ಟೈರ್‌ನ ವಯಸ್ಸು ನೋಡಿದವರು ಎಷ್ಟು ಜನ? ನಿಂಬೆಹಣ್ಣಿಗೂ ಟೈರ್ ಒಡೆಯುವುದಕ್ಕೂ ಸಂಬಂಧವಿಲ್ಲ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿದ ಕಾರಿನಲ್ಲಿ ಟ್ರೆಡ್ ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು. ಟ್ರೆಡ್ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರವೇ ಮುಗಿಯಿತು. ಮಳೆಯ ನಾಡಿನಲ್ಲಿ ಅಲ್ಲಿಯವರೆಗೆ ಕಾಯುವುದು ನನಗಂತೂ ಸರಿ ಕಾಣುವುದಿಲ್ಲ.

ಬೇಸಿಗೆಯಲ್ಲಿ ಟೈರ್ ಒಡೆಯುತ್ತದೆ ಎಂದು ಗಾಳಿ ಕಡಿಮೆ ಇಡುವವರು ನಮ್ಮಲ್ಲಿ ತುಂಬಾ ಜನ. ಆಗುವುದು ಉಲ್ಟಾ. ಗಾಳಿ ಕಡಿಮೆಯಾದರೆ ಗೋಡೆ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಬಿಸಿ, ಬಿಸಿಯಾದಷ್ಟೂ ದಾರ ದುರ್ಬಲ. ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಹತ್ತಿದಮೇಲೆ ಗಾಳಿ ಜಾಸ್ತಿ ತೋರಿಸಿತೆಂದು ಹೊರಗೆ ಬಿಡಬೇಡಿ. ಟೈರ್ ಬಿಸಿಯಾಗಿರುತ್ತದೆ, ಜೊತೆಗೆ ಸಾವಿರ ಮೀಟರ್ ಮೇಲೇರಿದರೆ ಹೊರಗಿನ ವಾತಾವರಣದ ಒತ್ತಡವೇ ಇಳಿದು ಗೇಜ್ ಒಂದೂವರೆ ಪಿಎಸ್‌ಐನಷ್ಟು ಹೆಚ್ಚು ತೋರಿಸುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ನೋಡಿ, ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿ ಇದ್ದಷ್ಟು ಇಡಿ. ನೈಟ್ರೋಜನ್ನೇ ಬೇಕು ಎಂದು ಹುಡುಕಿಕೊಂಡು ಹೋಗಬೇಡಿ, ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ.

ನಾಲ್ಕು ಚಕ್ರ ಬದಲಿಸಿದಮೇಲೆ ಸ್ಟೆಪ್ನಿ ಹಳೆಯದೇ ಉಳಿಯುತ್ತದೆ. ವ್ಯಾಸ ಹೊಂದಿದ್ದರೆ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಅಡ್ಡಿಯಿಲ್ಲ. ಆದರೆ ಅಲಾಯ್ ಜೊತೆ ಬಂದ ನಟ್ ಸ್ಟೆಪ್ನಿಯ ಉಕ್ಕಿನ ರಿಮ್‌ಗೆ ಸರಿಯಾಗಿ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಒಂದು ಸಲ ಹಾಕಿಸಿ ನೋಡಿ. ಕೂರದಿದ್ದರೆ ಹಳೆಯ ನಟ್‌ಗಳನ್ನು ಕೇಳಿ ತೆಗೆದುಕೊಂಡು ಜ್ಯಾಕ್ ಜೊತೆ ಡಿಕ್ಕಿಯಲ್ಲೇ ಇಡಿ.