ಬಳ್ಳಿ ಅಡ್ಡ ಕೊಯ್ದು ನೋಡಿದ್ದೀರಾ?

ಕಳೆದ ಮಳೆಗಾಲದಲ್ಲಿ ಖಾನಾಪುರ ಕಡೆಯ ಅಜ್ಜ ಒಬ್ಬರು ಬೆಳಗಾವಿಯ ನನ್ನ ದವಾಖಾನೆಗೆ ಬಳ್ಳಿಯ ಕಟ್ಟು ಹಿಡಿದು ಬಂದರು. "ಅಮೃತಬಳ್ಳಿ ಐತ್ರಿ ಡಾಕ್ಟರ್. ಶುಗರಿಗೆ ದಿನಾ ಕಷಾಯ ಕುಡಿತೇನ್ರಿ" ಎಂದರು.

ಎಲೆ ನೋಡಿದೆ. ಆಕಾರ ಹೆಚ್ಚುಕಡಿಮೆ ಅದೇ. ಆದರೆ ತೊಟ್ಟು ಅಂಚಿಗೆ ಸೇರಿರಲಿಲ್ಲ. ಛತ್ರಿಗೆ ಕೋಲು ಸಿಕ್ಕಿಸಿದ ಹಾಗೆ ಎಲೆಯ ಒಳಗೆ ಅಂಟಿತ್ತು. ಅದು ಹಾಡೆಬಳ್ಳಿ. ಎಲೆ ನೀರಲ್ಲಿ ಕಿವುಚಿಟ್ಟರೆ ಹೆಪ್ಪುಗಟ್ಟುತ್ತದಲ್ವಾ, ಅದೇ. ಅದೂ ಔಷಧಿಯೇ. ಅಜ್ಜನಿಗೆ ತೊಂದರೆ ಆಗಿರಲಿಲ್ಲ, ಪುಣ್ಯ.

ಹಿತ್ತಲ ಬೇವಿನ ಮರಕ್ಕೆ ಹಬ್ಬಿದ್ದ ನಿಜವಾದ ಅಮೃತಬಳ್ಳಿಯ ತುಂಡು ತಂದು ಅವರ ಕೈಗಿಟ್ಟೆ. ಉಗುರಲ್ಲಿ ಕೆರೆದರೆ ಸಿಪ್ಪೆ ತೆಳು ಕಾಗದದಂತೆ ಏಳುತ್ತದೆ, ಕೆಳಗೆ ಹಸಿರು. ಅಡ್ಡ ಕೊಯ್ದರೆ ಗಾಲಿಯ ಅರೆಗಳಂಥ ಗೆರೆ. ಅದಕ್ಕೇ ಸಂಸ್ಕೃತದಲ್ಲಿ ಇದಕ್ಕೆ ಚಕ್ರಲಕ್ಷಣಿಕಾ ಎಂಬ ಹೆಸರು. ಕಡಿದರೂ ಚಿಗುರುತ್ತದೆ, ಹಾಗಾಗಿ ಛಿನ್ನರುಹಾ. ಹಿರಿಯರು ಹೆಸರಲ್ಲೇ ಗುರುತು ಬರೆದಿಟ್ಟಿದ್ದಾರೆ. ನಮಗೆ ನೋಡುವ ತಾಳ್ಮೆ ಬೇಕು ಅಷ್ಟೇ.

ನಮ್ಮ ಜಿಲ್ಲೆಯಲ್ಲಿರುವಷ್ಟು ಬಗೆಯ ಔಷಧಿ ಗಿಡಗಳು ಎಲ್ಲಾ ಕಡೆ ಸಿಗುವುದಿಲ್ಲ. ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿಯ ಮಳೆಕಾಡು. ಪೂರ್ವಕ್ಕೆ ರಾಮದುರ್ಗ, ಅಥಣಿಯ ಒಣನೆಲ. ಅಲ್ಲಿ ನೆಗ್ಗಿಲಮುಳ್ಳು, ತಂಗಡಿ, ಮಂಗರವಳ್ಳಿ. ಬೇಲಿಯ ಆಡುಸೋಗೆಯನ್ನೇ ತಗೊಳ್ಳಿ. ಕೆಮ್ಮಿನ ಸಿರಪ್‌ನಲ್ಲಿರುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಅದರಲ್ಲಿನ ವಾಸಿಸಿನ್ ಎಂಬ ಅಂಶದ ಜಾಡು ಹಿಡಿದು. ಆದರೆ ಗರ್ಭಿಣಿಯರಿಗೆ ಆಡುಸೋಗೆ ಬೇಡ.

ಪಶ್ಚಿಮ ಘಟ್ಟದಲ್ಲಿ ಮರಾಠಿಯವರು ನರಕ್ಯಾ ಎನ್ನುವ ಸಣ್ಣ ಮರವಿದೆ. ಅದರಲ್ಲಿರುವ ಕ್ಯಾಂಪ್ಟೊಥೆಸಿನ್‌ನಿಂದಲೇ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿಗಳು ಬಂದವು. ಇದು ಗೊತ್ತಾದ ಮೇಲೆ ಮರಗಳನ್ನು ಬೇರುಸಮೇತ ಕಿತ್ತರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕಾಡಿನದು ಅಂದರೆ ಅಪಾಯವಿಲ್ಲ ಎಂಬ ನಂಬಿಕೆ ಕಂಡರೇ ನನಗೆ ಜಾಸ್ತಿ ಭಯ. ಹಾವು ಕಡಿತಕ್ಕೆ ಎಂದು ಅರೆದು ಕುಡಿಸುವ ಈಶ್ವರಿ ಬಳ್ಳಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದು ಕಿಡ್ನಿ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ಹಾವು ಕಡಿದರೆ ಸೀದಾ ಆಸ್ಪತ್ರೆಗೇ ಓಡಿ. ಗೌರಿ ಹೂವಿನ ಗಡ್ಡೆಯನ್ನು ಗೆಣಸು ಅಂದುಕೊಂಡು ತಿಂದರೆ ಜೀವಕ್ಕೇ ಕುತ್ತು.

ಅಜ್ಜ ತುಂಡನ್ನು ಟವೆಲ್‌ನಲ್ಲಿ ಸುತ್ತಿಕೊಂಡರು. "ಶುಗರ್ ಮಾತ್ರೆ ನುಂಗ್ತಿದ್ದೀರಿ. ಇದನ್ನೂ ಕುಡಿದರೆ ಸಕ್ಕರೆ ತೀರಾ ಇಳಿಯಬಹುದು. ಮೊದಲು ರಕ್ತ ಪರೀಕ್ಷೆ ಮಾಡಿಸೋಣ್ರಿ" ಎಂದೆ.

"ಆತ್ರೀ. ಅಲ್ಲೀತನಕ ಹಿತ್ತಲದಾಗ ಹಚ್ಚಿರ್ತೇನಿ" ಎಂದರು.