‘ಸ್ಟೇಬಲ್’ ಅಂದ್ರೆ ಹುಷಾರಾದ್ರು ಅಂತಲ್ಲ: ಸ್ಥಿತಿ ಹೇಳುವ ಇಂಗ್ಲಿಷ್ ಪದಗಳು

ಹೋದ ವರ್ಷ ಅಜ್ಜಿಯನ್ನು ಮಂಡ್ಯದ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಡಾಕ್ಟರು ಹೊರಗೆ ಬಂದು ‘ಕಂಡೀಷನ್ ಸ್ಟೇಬಲ್ ಇದೆ’ ಅಂದರು. ಮಾವ ತಕ್ಷಣ ಊರಿಗೆ ಫೋನ್ ಮಾಡಿ ‘ಅವ್ವ ಹುಸಾರಾದ್ಲು ಕಣ್ರಪ್ಪ’ ಅಂದೇಬಿಟ್ಟರು. ಅಜ್ಜಿ ಮನೆಗೆ ಬಂದದ್ದು ಹನ್ನೊಂದು ದಿನ ಕಳೆದ ಮೇಲೆ! ಸ್ಟೇಬಲ್ ಅಂದರೆ ಇದ್ದ ಹಾಗೇ ಇದೆ, ಏರುಪೇರಾಗಿಲ್ಲ ಅಂತ ಅಷ್ಟೇ. ಇಂಗ್ಲಿಷ್ ಪತ್ರಿಕೆಯಲ್ಲಿ ‘ಕ್ರಿಟಿಕಲ್ ಬಟ್ ಸ್ಟೇಬಲ್’ ಅಂತ ಬರೆಯಲು ಆಗುವುದೂ ಅದಕ್ಕೇ.

ಸಿಯುಇಟಿಯ (ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ) ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಸಮಾನಾರ್ಥ, ವಿರುದ್ಧಾರ್ಥ ಕೇಳುವಾಗ ಸಿಕ್ಕಿಸುವುದು ಇಂಥ ಪದಗಳಲ್ಲೇ. ಸರಿ ಉತ್ತರಕ್ಕೆ 5 ಅಂಕ, ತಪ್ಪಿದರೆ 1 ಕಡಿತ. ಒಂದು ಪದಕ್ಕೆ ಒಂದು ಕನ್ನಡ ಅರ್ಥ ಅಂತ ಉರು ಹೊಡೆದರೆ ನಾಲ್ಕು ಆಯ್ಕೆಯಲ್ಲಿ ಎರಡು ಸರಿ ಅನ್ನಿಸಿಬಿಡುತ್ತವೆ. ನಾನು ಪ್ರತಿ ಪದಕ್ಕೂ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದು ಮತ್ತೆ ಎದ್ದು ಬರುತ್ತಾ, ಇಲ್ವಾ?

ಅದಕ್ಕೂ ಮೊದಲು ಒಂದು ಮಜಾ ವಿಷಯ. ಇಂಗ್ಲಿಷಿನ ‘ಸ್ಟೇಟ್’ ಬಂದದ್ದು ‘ನಿಲ್ಲು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ನಮ್ಮ ‘ಸ್ಥಿತಿ’ ಬಂದದ್ದು ‘ನಿಲ್ಲು’ ಎಂಬ ಅರ್ಥದ ಸಂಸ್ಕೃತದ ‘ಸ್ಥಾ’ದಿಂದ. ಎರಡೂ ಧಾತು ಒಂದೇ ಬುಡದವು. ಸ್ಟೇಬಲ್, ಸ್ಟೇಟಸ್, ಸ್ಟೇಷನರಿ, ಕಾನ್‌ಸ್ಟಂಟ್ ಎಲ್ಲ ಇದೇ ಕುಟುಂಬ. ಕೈಬಿಟ್ಟು ನಿಲ್ಲಿಸಿದ, ಗತಿಯಿಲ್ಲದ ಎನ್ನುವ ‘ಡೆಸ್ಟಿಟ್ಯೂಟ್’ ಕೂಡ. ‘ಸ್ಟ್ಯಾಗ್ನಂಟ್’ ಅಂದರೆ ನಿಂತ ನೀರು ಅಲ್ವಾ, ಅದನ್ನೂ ಈ ಗುಂಪಿಗೇ ಸೇರಿಸಿದ್ದೆ. ತಪ್ಪು. ಅದು ಕೊಳ ಎನ್ನುವ ಬೇರೆ ಲ್ಯಾಟಿನ್ ಪದದಿಂದ ಬಂದದ್ದು. ಆದರೂ ಕನ್ನಡದ ‘ನಿಂತ ನೀರು’ ಅದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ: ಕೊಚ್ಚೆಗುಂಡಿಗೂ ಸರಿ, ಏರದ ಸಂಬಳಕ್ಕೂ ಸರಿ.

ಈಗ ‘ಡಾರ್ಮೆಂಟ್’. ಸ್ಕಾಲರ್‌ಶಿಪ್‌ಗೆ ಅಂತ ತೆರೆದ ನನ್ನ ಖಾತೆಯಲ್ಲಿ ಎರಡು ವರ್ಷಕ್ಕೂ ಮೇಲೆ ನಾನು ಯಾವ ವ್ಯವಹಾರವನ್ನೂ ಮಾಡಿರಲಿಲ್ಲ. ಬ್ಯಾಂಕಿಗೆ ಹೋದರೆ ‘ಅಕೌಂಟ್ ಡಾರ್ಮೆಂಟ್ ಆಗಿದೆ’ ಅಂದರು. ದುಡ್ಡು ಹೋಯ್ತು ಅಂತ ಗಾಬರಿಯಾಯಿತು. ಕೆವೈಸಿ ಕೊಟ್ಟೆ, ಖಾತೆಗೆ ಜೀವ ಬಂತು. ಫ್ರೆಂಚಿನಲ್ಲಿ ‘ಡಾರ್ಮಿರ್’ ಅಂದರೆ ನಿದ್ದೆ ಮಾಡು. ಡಾರ್ಮೆಂಟ್ ಆದದ್ದು ಸತ್ತಿಲ್ಲ, ಮಲಗಿದೆ. ಮೊಳೆಯದೆ ಕಾದಿರುವ ಬೀಜಕ್ಕೂ, ಸುಮ್ಮನಿರುವ ಜ್ವಾಲಾಮುಖಿಗೂ ಇದೇ ಪದ. ‘ಡಿಫಂಕ್ಟ್’ ಅಂದರೆ ಕಥೆ ಮುಗಿಯಿತು, ಮುಚ್ಚಿಹೋಯಿತು. ‘ಆಬ್ಸಲೀಟ್’ ಬೇರೆ: ವಸ್ತು ಕೆಟ್ಟಿರಬೇಕಿಲ್ಲ, ಕಾಲ ಮುಂದೆ ಹೋಗಿದೆ. ಫ್ಲಾಪಿ ಡಿಸ್ಕ್ ನೆನಪಿಟ್ಟುಕೊಳ್ಳಿ.

ನಮ್ಮ ಕಡೆಯವರಿಗೆ ಸುಲಭವಾದ ಜೋಡಿ ‘ಫ್ಯಾಲೋ’ ಮತ್ತು ‘ಬ್ಯಾರನ್’. ಬೇಸಿಗೆ ಬೆಳೆಗೆ ನಾಲೆ ನೀರು ಬಿಡದ ವರ್ಷ ಗದ್ದೆ ಬೀಳು ಬಿಡುತ್ತೇವೆ. ಅದು ಫ್ಯಾಲೋ. ನೀರು ಬಂದರೆ ಅದೇ ಗದ್ದೆಯಲ್ಲಿ ಮತ್ತೆ ನಾಟಿ. ಏನು ಹಾಕಿದರೂ ಬೆಳೆಯದ ಬರಡು ನೆಲ ಬ್ಯಾರನ್. ಎರಡಕ್ಕೂ ‘ಖಾಲಿ ಜಮೀನು’ ಅಂತ ಬರೆದುಕೊಂಡರೆ ಕೆಟ್ಟಿರಿ.

ಮೈಸೂರಿಗೆ ಬನ್ನಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ. ಎರಡಕ್ಕೂ ಒಪ್ಪುವ ಪದ ‘ಡಿಲ್ಯಾಪಿಡೇಟೆಡ್’, ಅಂದರೆ ಶಿಥಿಲ. ಒಳಗೆ ‘ಲ್ಯಾಪಿಸ್’ ಎಂಬ ಲ್ಯಾಟಿನ್ ಪದವಿದೆ: ಕಲ್ಲು. ಕಲ್ಲು ಕಲ್ಲೂ ಚೆಲ್ಲಾಪಿಲ್ಲಿ ಅಂತ ಚಿತ್ರ ಕಟ್ಟಿಕೊಳ್ಳಿ, ಮರೆಯಲ್ಲ. ಆದರೆ ‘ಡೆರೆಲಿಕ್ಟ್’ ಅಂದರೆ ಬಿಟ್ಟುಹೋದದ್ದು, ಹೇಳೋರು ಕೇಳೋರು ಇಲ್ಲದೆ ಪಾಳುಬಿದ್ದದ್ದು. ಲ್ಯಾನ್ಸ್‌ಡೌನ್‌ನಲ್ಲಿ ಅಂಗಡಿ ಖಾಲಿ ಮಾಡಿಸಿದರು. ಮಾರುಕಟ್ಟೆಯಲ್ಲಿ ಕುಸಿದ ಮೇಲೂ ಹೂವು, ವೀಳ್ಯದೆಲೆ ವ್ಯಾಪಾರ ನಿಲ್ಲಲಿಲ್ಲ. ಹಾಗಾಗಿ ಮಾರುಕಟ್ಟೆಗೆ ಡೆರೆಲಿಕ್ಟ್ ಅಂದರೆ ನಾನು ಒಪ್ಪಲ್ಲ.

‘ಪ್ಲೈಟ್’ ಅಂದರೆ ಪಾಡು, ಅಯ್ಯೋ ಅನ್ನಿಸುವಂಥದ್ದು. ‘ಪ್ರೆಡಿಕಮೆಂಟ್’ ಅಂದರೆ ಇಕ್ಕಟ್ಟು, ಹೇಗಪ್ಪಾ ಪಾರಾಗೋದು ಅನ್ನಿಸುವಂಥದ್ದು. ಎರಡೇ ಬಾಗಿಲಿದ್ದು ಎರಡರಲ್ಲೂ ಕಷ್ಟವಿದ್ದರೆ, ಅತ್ತ ದರಿ ಇತ್ತ ಪುಲಿ, ಅದು ‘ಡೈಲೆಮಾ’.

‘ಸ್ಟೇಷನರಿ’ ಸ್ಪೆಲಿಂಗ್ ಎರಡಿದೆ. ಕೊನೆಯ ಆರ್ ಹಿಂದೆ ಇ ಇದ್ದರೆ ಪೇಪರ್, ಪೆನ್ನು (ಪೇಪರ್‌ನಲ್ಲೂ ಇ ಇದೆಯಲ್ಲ). ಎ ಇದ್ದರೆ ಅಲ್ಲಾಡದೆ ನಿಂತದ್ದು.

ಕೊನೆಗೆ ‘ಕಂಡೀಷನ್’. ‘ಗಾಡಿ ಗುಡ್ ಕಂಡೀಷನ್’ ಅನ್ನುತ್ತೇವೆ, ‘ಮನೆ ಓನರ್ ಕಂಡೀಷನ್ ಹಾಕ್ತಾರೆ’ ಅಂತಲೂ ಅನ್ನುತ್ತೇವೆ. ಮೊದಲನೆಯದಕ್ಕೆ ಹಿಂದೆ ‘ಇನ್’ ಬರುತ್ತದೆ, ಷರತ್ತಿಗೆ ‘ಆನ್’. ಹಾಗೇ ‘ಇನ್ ಡಿಸ್‌ರಿಪೇರ್’ ಅಂದರೆ ಕೆಟ್ಟು ಕೂತಿದೆ, ‘ಅಂಡರ್ ರಿಪೇರ್’ ಅಂದರೆ ರಿಪೇರಿ ನಡೀತಿದೆ. ನಮ್ಮ ಬೀದಿಯ ನೀರಿನ ಟ್ಯಾಂಕಿಗೆ ಎರಡನೆಯ ಬೋರ್ಡ್ ಹಾಕಿದ್ದಾರೆ. ಆರು ತಿಂಗಳಿಂದ ಮೊದಲನೆಯದೇ ನಿಜ.